2 ಲಕ್ಷದ 40 ಸಾವಿರ ರೂಪಾಯಿ ಇದೆ. ಊರಿಗೆ ಟ್ಯಾಬ್ ತರೋದಾ, ವೈಫೈ ಹಾಕಿಸೋದಾ, ಇನ್ನೇನಾದರೂ ಮಾಡೋದಾ?

ಕಬ್ಬಿನಗದ್ದೆ (ಮಳವಳ್ಳಿ ತಾಲ್ಲೂಕು)

ಎಲ್ಲರಿಗೂ ನಮಸ್ಕಾರ. ನಮ್ಮೂರಿಂದ ಬೆಂಗಳೂರಿಗೆ ಹೋಗಿ ಕೆಲಸ ಮಾಡುತ್ತಿರುವ ಹುಡುಗರು ಸೇರಿ 2 ಲಕ್ಷದ 40 ಸಾವಿರ ರೂಪಾಯಿ ಒಟ್ಟು ಮಾಡಿದ್ದಾರೆ. ಊರಿನವರಿಗೆ ಕಂಪ್ಯೂಟರು, ಇಂಟರ್ನೆಟ್ಟು ಕೈಗೆ ಸಿಗುವ ಹಾಗೆ ಏನಾದರೂ ಮಾಡಿ ಅಂತ ದುಡ್ಡು ನನ್ನ ಕೈಗೆ ಕೊಟ್ಟಿದ್ದಾರೆ. ನಾನು ಊರಲ್ಲೇ ಇರೋನು, ಎರಡು ಎಕರೆ ಕಬ್ಬು, ಒಂದೆಕರೆ ಭತ್ತ. ಡಿಪ್ಲೊಮಾ ಓದಿದ್ದೀನಿ ಅನ್ನೋ ಕಾರಣಕ್ಕೆ ಈ ಜವಾಬ್ದಾರಿ ನನಗೆ ಬಂತು.

ಮೂರು ಕಡೆ ಕೊಟೇಶನ್ ತಗೊಂಡಿದ್ದೀನಿ. ಒಬ್ಬರು ಶಾಲೆ ಮಕ್ಕಳಿಗೆ 15 ಟ್ಯಾಬ್ ತಗೊಳ್ಳಿ, ಪಾಠದ ಆ್ಯಪ್ ನಾವೇ ಹಾಕಿಕೊಡ್ತೀವಿ ಅಂತಾರೆ. ಇನ್ನೊಬ್ಬರು ಪಂಚಾಯ್ತಿ ಮುಂದೆ ನಿಲ್ಲಿಸೋ ದೊಡ್ಡ ಟಚ್‌ಸ್ಕ್ರೀನ್ ಮಷೀನ್ ತೋರಿಸಿದರು, ಎಟಿಎಂ ಥರ ಇದೆ, ಒತ್ತಿದರೆ ಯೋಜನೆಗಳ ಮಾಹಿತಿ ಬರುತ್ತದೆ. ಅದೊಂದಕ್ಕೇ ಒಂದೂವರೆ ಲಕ್ಷದ ಮೇಲಾಗುತ್ತೆ. ಮೂರನೆಯವರು ಅರಳಿಕಟ್ಟೆ ಹತ್ತಿರ ವೈಫೈ ಹಾಕಿಸಿ ಸಾಕು ಅಂತಾರೆ. ಎಲ್ಲರೂ ಅವರವರ ಸಾಮಾನು ಚೆನ್ನಾಗಿದೆ ಅಂತಲೇ ಹೇಳ್ತಾರೆ, ಅದು ಸಹಜ.

ನನಗೆ ತಲೆಯಲ್ಲಿ ಕೊರೆಯುತ್ತಿರೋದು ಬೇರೆ. ಹೋದ ತಿಂಗಳು ಊರ ಗ್ರಂಥಾಲಯದ ಜಗಲಿ ಮೇಲೆ ಕೂತಿದ್ದೆ. ನಮ್ಮ ಮೇಲಿನ ಬೀದಿಯ ಅಜ್ಜಿ ಬಂದರು. ಪ್ಲಾಸ್ಟಿಕ್ ಕವರಿನಲ್ಲಿ ಆಧಾರ್ ಕಾರ್ಡು, ಪಾಸ್‌ಬುಕ್ಕು, ಒಂದು ಬಟನ್ ಫೋನು. ಮೂರು ತಿಂಗಳಿಂದ ಪಿಂಚಣಿ ಬಂದಿಲ್ಲ ಕಣಪ್ಪ, ಅರ್ಜಿ ಬರೆದುಕೊಡು ಅಂದರು. ಫೋನ್ ಇಸ್ಕೊಂಡು ಮೆಸೇಜ್ ತೆಗೆದು ನೋಡಿದರೆ ಮೂರೂ ತಿಂಗಳ ದುಡ್ಡು ಬಂದು ಬಿದ್ದಿದೆ. ಮೆಸೇಜೆಲ್ಲ ಇಂಗ್ಲಿಷಿನಲ್ಲಿ. ಕೆಂಪು ಚುಕ್ಕಿ ಬರ್ತಿತ್ತು, ಕಂಪನಿಯೋರು ಕಳಿಸೋದು ಅಂತ ಸುಮ್ನೆ ಬಿಟ್ಟಿದ್ದೆ ಅಂದರು. ಆ ಮೂರು ತಿಂಗಳು ಅವರು ಮಾತ್ರೆಗೆ ಸಾಲ ಮಾಡಿದ್ದಾರೆ.

ಅವರ ಹತ್ತಿರ ಫೋನ್ ಇತ್ತು. ಸಿಗ್ನಲ್ ಇತ್ತು. ದುಡ್ಡೂ ಬಂದಿತ್ತು. ಹಾಗಿದ್ದಮೇಲೆ ಕೊರತೆ ಇದ್ದಿದ್ದು ಎಲ್ಲಿ? 15 ಟ್ಯಾಬ್ ಬಂದಿದ್ದರೆ ಆ ಅಜ್ಜಿಗೆ ಏನಾಗ್ತಿತ್ತು? ಯಾವ ತಂತ್ರಜ್ಞಾನ ನಮ್ಮಂಥ ಊರಿಗೆ ಸರಿ ಅಂತ ಅಳೆಯೋದು ಹೇಗೆ? ಮಾಡಿ ನೋಡಿದವರು ಯಾರಾದರೂ ಇದ್ದರೆ ದಯವಿಟ್ಟು ಹೇಳಿ.

ಕೆ.ಆರ್. ಪೇಟೆ ಮೇಷ್ಟ್ರು

ನಾನು ಸರ್ಕಾರಿ ಪ್ರೌಢಶಾಲೆಯಲ್ಲಿ ಗಣಿತ ಹೇಳಿಕೊಡುತ್ತೇನೆ. ಟ್ಯಾಬ್ ವಿಷಯಕ್ಕೆ ಮೊದಲು ಬರುತ್ತೇನೆ.

ನಾನು ಹಿಂದೆ ಇದ್ದ ಒಂದು ಶಾಲೆಗೆ ದಾನಿಗಳು 20 ಟ್ಯಾಬ್ ಕೊಟ್ಟರು. ಹಾರ, ಫೋಟೊ ಎಲ್ಲ ಆಯಿತು. ಮಗು ಕೈಯಿಂದ ಬಿದ್ದು ಒಡೆದರೆ ಯಾರು ಕೊಡಬೇಕು ಅನ್ನೋ ಪ್ರಶ್ನೆಗೆ ಯಾರ ಹತ್ತಿರವೂ ಉತ್ತರ ಇರಲಿಲ್ಲ. ಹಾಗಾಗಿ ಮುಖ್ಯ ಶಿಕ್ಷಕರು ಎಲ್ಲವನ್ನೂ ಬೀರುವಿನಲ್ಲಿಟ್ಟು ಬೀಗ ಹಾಕಿದರು. ಎರಡು ವರ್ಷ ಆದಮೇಲೆ ತೆಗೆದಾಗ ಆರರ ಬ್ಯಾಟ್ರಿ ಉಬ್ಬಿತ್ತು. ಅವರದ್ದು ತಪ್ಪು ಅಂತ ನಾನು ಹೇಳಲ್ಲ. ಲೆಕ್ಕ ಕೊಡಬೇಕಾದವರು ಅವರು, ಹೆದರಿದರು.

ಇದೇ ಕತೆ ದೊಡ್ಡದಾಗಿ ಪೆರು ದೇಶದಲ್ಲಿ ನಡೆದಿದೆ. ಮಗುವಿಗೊಂದು ಲ್ಯಾಪ್‌ಟಾಪ್ ಅಂತ 2005ರಲ್ಲಿ ನಿಕೊಲಸ್ ನೆಗ್ರೊಪಾಂಟೆ ಅನ್ನೋರು 100 ಡಾಲರಿನ ಲ್ಯಾಪ್‌ಟಾಪ್ ಯೋಜನೆ ಹೇಳಿದರಲ್ಲ, ಪೆರು 8 ಲಕ್ಷಕ್ಕೂ ಹೆಚ್ಚು ತಗೊಂಡಿತು. 2012ರಲ್ಲಿ ಅಲ್ಲಿನ 319 ಶಾಲೆಗಳನ್ನು ಹೋಲಿಸಿ ಒಂದು ಅಧ್ಯಯನ ಬಂತು. ಲ್ಯಾಪ್‌ಟಾಪ್ ಬಂದ ಶಾಲೆಗಳಲ್ಲಿ ಮಕ್ಕಳು ಅದನ್ನು ಬಳಸಿದ್ದು ನಿಜ. ಗಣಿತದಲ್ಲಿ, ಭಾಷೆಯಲ್ಲಿ ಮಾತ್ರ ಉಳಿದ ಶಾಲೆಗಳಿಗಿಂತ ಮುಂದೆ ಹೋಗಿರಲಿಲ್ಲ. ಸಾಮಾನು ಬಂತು, ಕಲಿಸೋ ಕ್ರಮ ಹಳೆಯದೇ ಉಳಿಯಿತು, ಇಂಟರ್ನೆಟ್ಟಂತೂ ಹೆಚ್ಚಿನ ಶಾಲೆಗಳಲ್ಲಿ ಇರಲೇ ಇಲ್ಲ.

ಅದೇ ಹೊತ್ತಿಗೆ ಇಲ್ಲೇ ಬೆಂಗಳೂರಿನ ಮೈಕ್ರೋಸಾಫ್ಟ್ ಸಂಶೋಧನಾ ಕೇಂದ್ರದಲ್ಲಿ ಒಂದು ಸಣ್ಣ ಉಪಾಯ ಮಾಡಿದ್ದರು. ಹಳ್ಳಿ ಶಾಲೆಗಳಿಗೆ ಹೋಗಿ ನೋಡಿದಾಗ ಒಂದು ಕಂಪ್ಯೂಟರಿಗೆ ಹತ್ತು ಮಕ್ಕಳು ಮುತ್ತಿಕೊಂಡಿರುತ್ತಿದ್ದರು, ಮೌಸ್ ಮಾತ್ರ ಒಬ್ಬ ಜೋರು ಹುಡುಗನ ಕೈಯಲ್ಲಿ. ಹಿಂದೆ ನಿಂತವರು ಬರೀ ನೋಡುತ್ತಿದ್ದರು. ಇವರು ಅದೇ ಕಂಪ್ಯೂಟರಿಗೆ ಐದಾರು ಮೌಸ್ ಸಿಕ್ಕಿಸಿ, ಪ್ರತಿ ಮಗುವಿಗೂ ಒಂದೊಂದು ಬಣ್ಣದ ಬಾಣ ಬರುವ ಹಾಗೆ ಮಾಡಿದರು. ಒಂದು ಮೌಸಿನ ಬೆಲೆ ಎಷ್ಟು ಹೇಳಿ! ಅವರು ಅಂಗಡಿಗೆ ಹೋಗೋಕ್ಕೆ ಮೊದಲು ಹೋಗಿ ನೋಡಿದ್ದರಿಂದಲೇ ಅದು ಹೊಳೆದಿದ್ದು.

ಹಾಗಾಗಿ ನನ್ನ ಸಲಹೆ ಇಷ್ಟೇ. ಕೊಟೇಶನ್ ಪಕ್ಕಕ್ಕಿಡಿ. ಒಂದು ವಾರ ಗ್ರಂಥಾಲಯದಲ್ಲಿ ಒಂದು ನೋಟ್‌ಬುಕ್ ಹಿಡಿದು ಕೂತುಕೊಳ್ಳಿ. ಯಾರು ಬಂದರು, ಏನು ಕೇಳಿದರು, ಕೆಲಸ ಆಯಿತಾ, ಆಗದಿದ್ದರೆ ಎಲ್ಲಿ ನಿಂತಿತು, ಇಷ್ಟನ್ನು ಬರೆಯಿರಿ.

ಹೆಬ್ಬಾಳ ರಿಪೇರಿ (ಮೈಸೂರು)

ಹೆಬ್ಬಾಳ ಕೈಗಾರಿಕಾ ಪ್ರದೇಶದಲ್ಲಿ 18 ವರ್ಷದಿಂದ ಕಂಪ್ಯೂಟರು, ಯುಪಿಎಸ್ ರಿಪೇರಿ ಮಾಡುತ್ತಿದ್ದೇನೆ. ಮೇಷ್ಟ್ರು ಹೇಳಿದ್ದು ಸರಿ. ಸಾಮಾನಿನ ಕಡೆಯಿಂದ ನನಗೆ ಗೊತ್ತಿರೋದನ್ನು ಸೇರಿಸುತ್ತೇನೆ.

ಕೊಟೇಶನ್‌ನಲ್ಲಿ ಇರೋದು ಮೊದಲ ದಿನದ ಬೆಲೆ. ನೀವು ಕೇಳಬೇಕಾದದ್ದು ಐದು ವರ್ಷದ ಬೆಲೆ. ಯುಪಿಎಸ್ ಬ್ಯಾಟ್ರಿ ಎರಡು ಮೂರು ವರ್ಷಕ್ಕೆ ಹೋಗುತ್ತೆ. ನೆಟ್ ಬಿಲ್ ತಿಂಗಳು ತಿಂಗಳು ಬರುತ್ತೆ. ಟಚ್‌ಸ್ಕ್ರೀನ್ ಮಷೀನ್ ಪಂಚಾಯ್ತಿ ಮುಂದೆ ನಿಲ್ಲಿಸಿದರೆ ಧೂಳು, ಬಿಸಿಲು, ಮಳೆ ಎರಚಲು. ಅದರ ಗಾಜು ಕೆಟ್ಟರೆ ಮಳವಳ್ಳಿಯಲ್ಲಿ ಯಾರ ಹತ್ತಿರ ಸಿಗುತ್ತೆ ಅಂತ ಕೇಳಿ ನೋಡಿ. ಮೂರು ಕಡೆ ಇಂಥ ಮಷೀನ್ ನೋಡೋಕ್ಕೆ ನನ್ನನ್ನು ಕರೆದಿದ್ದಾರೆ, ಮೂರೂ ಕಡೆ ಅದರ ಮೇಲೆ ನೋಟಿಸ್ ಅಂಟಿಸಿದ್ದರು. ಹತ್ತಿರದ ಪೇಟೆಯಲ್ಲಿ ಬಿಡಿ ಭಾಗ ಸಿಗದ ಸಾಮಾನು ಬೇಡವೇ ಬೇಡ.

ಅಗ್ಗದ ಸಾಮಾನಿನ ವಿಷಯಕ್ಕೂ ಹುಷಾರು. ವಿದ್ಯಾರ್ಥಿಗಳಿಗೆ ಅಂತ ಸರ್ಕಾರ ತಂದಿದ್ದ ಆಕಾಶ್ ಟ್ಯಾಬ್ ನೆನಪಿದೆಯಲ್ವಾ? 2011ರ ಅಕ್ಟೋಬರಿನಲ್ಲಿ ಬಂತು. ಸರ್ಕಾರಕ್ಕೆ ಎರಡು ಸಾವಿರ ಚಿಲ್ಲರೆಗೆ ಬಿತ್ತು, ಜಗತ್ತಿನಲ್ಲೇ ಅಗ್ಗ ಅಂತ ಸುದ್ದಿಯಾಯಿತು. ಒಳಗೆ 366 ಮೆಗಾಹರ್ಟ್ಸ್ ಪ್ರೊಸೆಸರ್, ಬೆರಳನ್ನು ಒತ್ತಿ ಒತ್ತಿ ನಡೆಸಬೇಕಾದ ಪರದೆ. ತುಂಬಾ ನಿಧಾನ ಅಂತ ಬಳಸಿದವರು ದೂರಿದರು. ಅದಕ್ಕೂ ಮುಂಚೆ ಬೆಂಗಳೂರಿನಲ್ಲಿ ಐಐಎಸ್‌ಸಿ ಪ್ರಾಧ್ಯಾಪಕರು ಮತ್ತು ಎಂಜಿನಿಯರುಗಳು ಸಿಂಪ್ಯೂಟರ್ ಅಂತ ಕೈಯಲ್ಲಿ ಹಿಡಿಯೋ ಪುಟ್ಟ ಕಂಪ್ಯೂಟರ್ ಮಾಡಿದರು. ಆ ಯೋಚನೆಗೆ ನನಗೆ ಇವತ್ತಿಗೂ ಗೌರವ ಇದೆ: ಒಂದು ಯಂತ್ರ ಇಡೀ ಊರಿಗೆ, ಒಬ್ಬೊಬ್ಬರಿಗೆ ಒಂದು ಸ್ಮಾರ್ಟ್‌ಕಾರ್ಡ್, ಓದಲು ಬಾರದವರಿಗೆ ಯಂತ್ರವೇ ಮಾತಾಡಿ ಹೇಳುತ್ತೆ. 2004ರಲ್ಲಿ ಅಂಗಡಿಗೆ ಬರೋ ಹೊತ್ತಿಗೆ ಬೆಲೆ ಹತ್ತು ಸಾವಿರದ ಹತ್ತಿರ ಹೋಗಿತ್ತು. ಅಷ್ಟರಲ್ಲಿ ಸಾಮಾನ್ಯ ಮೊಬೈಲ್ ಫೋನೇ ಊರೂರಿಗೆ ಬರತೊಡಗಿತ್ತು.

ನೀವು ಕಬ್ಬು ಬೆಳೆಯೋರು ಅಂದಿದ್ದೀರಿ, ಅದಕ್ಕೆ ಇದೊಂದನ್ನು ಸ್ವಲ್ಪ ಉದ್ದಕ್ಕೇ ಹೇಳ್ತೀನಿ. ಮಹಾರಾಷ್ಟ್ರದ ಕೊಲ್ಹಾಪುರದ ಹತ್ತಿರ ವಾರಣಾ ಅಂತ ಸಹಕಾರಿ ಸಕ್ಕರೆ ಕಾರ್ಖಾನೆ ಇದೆ. 1998ರಲ್ಲಿ ಅಲ್ಲಿ 54 ಹಳ್ಳಿಗೆ ಕಂಪ್ಯೂಟರ್ ಕೇಂದ್ರ ಮಾಡಿದರು. ಇಂಟರ್ನೆಟ್ಟು, ಮಾರುಕಟ್ಟೆ ದರ, ಆರೋಗ್ಯ, ಎಲ್ಲ ಕೊಡ್ತೀವಿ ಅಂತ. ಕೆಲವು ವರ್ಷ ಬಿಟ್ಟು ಸಂಶೋಧಕರು ಹೋಗಿ ನೋಡಿದರೆ ರೈತರು ಬರುತ್ತಿದ್ದದ್ದು ಮುಖ್ಯವಾಗಿ ಕಬ್ಬಿನ ಲೆಕ್ಕಕ್ಕೆ. ನನ್ನ ಕಬ್ಬು ಎಷ್ಟು ಟನ್ ತೂಗಿತು, ಕಟಾವಿನ ಪರ್ಮಿಟ್ ಬಂತಾ, ಗೊಬ್ಬರದ್ದೇನಾಯಿತು, ಇಷ್ಟೇ. ಕಂಪ್ಯೂಟರ್ ಕೆಟ್ಟರೆ, ಕರೆಂಟ್ ಹೋದರೆ ಅದೂ ಇಲ್ಲ. ಆಗ ಕೆಲವು ಹಳ್ಳಿಗಳಲ್ಲಿ ಕಂಪ್ಯೂಟರ್ ಬದಲು ಮೊಬೈಲ್ ಎಸ್‌ಎಂಎಸ್‌ನಲ್ಲೇ ಆ ಲೆಕ್ಕ ಬರೋ ಹಾಗೆ ಮಾಡಿ ನೋಡಿದರು. ಖರ್ಚೂ ಕಡಿಮೆಯಾಯಿತು, ರೈತರಿಗೂ ಅದೇ ಇಷ್ಟವಾಯಿತು. ಇದನ್ನು ಓದಿದಮೇಲೆ ನಾನು ಯಾರೇ ಕಂಪ್ಯೂಟರ್ ಕೊಳ್ಳೋಕ್ಕೆ ಬಂದರೂ ಏನು ಕೆಲಸಕ್ಕೆ ಅಂತ ಮೊದಲು ಕೇಳ್ತೀನಿ, ವ್ಯಾಪಾರ ಹೋದರೂ ಪರವಾಗಿಲ್ಲ.

ವೈಫೈ ಬೇಕಾದರೆ ಹಾಕಿಸಿ. ಆದರೆ ನೆಟ್ ಇಲ್ಲದಿದ್ದಾಗಲೂ ನಡೆಯೋ ವ್ಯವಸ್ಥೆ ಒಂದಿರಲಿ. ರಾಸ್ಪ್‌ಬೆರಿ ಪೈ ಅಂತ ಅಂಗೈ ಅಗಲದ ಕಂಪ್ಯೂಟರ್ ಬೋರ್ಡ್ ಸಿಗುತ್ತೆ. ಅದಕ್ಕೆ ಕಿವಿಕ್ಸ್ ಅನ್ನೋ ಸಾಫ್ಟ್‌ವೇರ್ ಹಾಕಿದರೆ ಇಡೀ ಕನ್ನಡ ವಿಕಿಪೀಡಿಯ ಅದರೊಳಗೇ ಕೂರುತ್ತೆ, 30 ಸಾವಿರಕ್ಕೂ ಹೆಚ್ಚು ಲೇಖನ ಇವೆ. ಕೊಲಿಬ್ರಿ ಅಂತ ಇನ್ನೊಂದಿದೆ, ಪಾಠದ ವಿಡಿಯೋಗಳಿಗೆ. ಬೋರ್ಡಿನದೇ ವೈಫೈ ಹಿಡಿದು ಮಕ್ಕಳು ಯಾವ ಸ್ಮಾರ್ಟ್‌ಫೋನಿನಿಂದಲಾದರೂ ನೋಡಬಹುದು, ಡೇಟಾ ಖರ್ಚಾಗಲ್ಲ. ಬೋರ್ಡಿಗೆ ಫೋನ್ ಚಾರ್ಜರಿನಷ್ಟು ಕರೆಂಟ್ ಸಾಕು. ಬೇಕಾದರೆ ಬಂದು ಹಾಕಿಕೊಡ್ತೀನಿ, ಸಾಮಾನಿನ ದುಡ್ಡು ಮಾತ್ರ ಕೊಡಿ.

ಸಂಘದ ಅಕ್ಕ (ಹುಣಸೂರು ಕಡೆ)

ತಮ್ಮ, ನಿಮ್ಮ ಅಜ್ಜಿ ಕತೆ ಓದಿ ಎರಡು ದಿನ ಮನಸ್ಸಿಗೆ ಸಮಾಧಾನ ಇರಲಿಲ್ಲ. ನಾನು ಸ್ತ್ರೀಶಕ್ತಿ ಸಂಘದಲ್ಲಿ ಲೆಕ್ಕ ಬರೆಯೋಳು. ಮೇಷ್ಟ್ರು, ರಿಪೇರಿ ಅಣ್ಣ ಇಬ್ಬರೂ ಸಾಮಾನಿನ ಬಗ್ಗೆ ಚೆನ್ನಾಗಿ ಹೇಳಿದರು. ಆ ಸಾಮಾನು ಯಾರ ಕೈಯಲ್ಲಿರುತ್ತೆ ಅನ್ನೋದನ್ನು ಮಾತ್ರ ಇಬ್ಬರೂ ಕೇಳಲಿಲ್ಲ.

2023ರಲ್ಲಿ ಗೃಹಲಕ್ಷ್ಮಿಗೆ ಅರ್ಜಿ ಹಾಕೋವಾಗ ನಮ್ಮ ಸಂಘದವರನ್ನು ನಾನೇ ಕರಕೊಂಡು ಹೋಗಿದ್ದೆ. ತಿಂಗಳಿಗೆ ಎರಡು ಸಾವಿರ, ಮನೆಯೊಡತಿಯ ಹೆಸರಿಗೆ. ಕೌಂಟರಿನಲ್ಲಿ ಓಟಿಪಿ ಹೇಳಿ ಅಂದಾಗ ಎಷ್ಟು ಜನ ಗಂಡನಿಗೋ ಮಗನಿಗೋ ಫೋನ್ ಮಾಡಬೇಕಾಯಿತು ಗೊತ್ತಾ? ಆಧಾರಿಗೆ ಜೋಡಿಸಿದ್ದ ನಂಬರ್ ಅವರದ್ದು. ಒಬ್ಬಳ ಗಂಡ ಬೆಂಗಳೂರಲ್ಲಿ ಗಾರೆ ಕೆಲಸದ ಮೇಲಿದ್ದ, ಫೋನ್ ಎತ್ತಲಿಲ್ಲ, ಆ ದಿನದ ಕೂಲಿ ಬಿಟ್ಟು ಬಂದವಳು ಹಾಗೇ ವಾಪಸ್ ಹೋದಳು. ಮಾರನೇ ದಿನ ಮತ್ತೆ ಬಂದಳು, ಅವತ್ತು ಸರ್ವರ್ ಇರಲಿಲ್ಲ.

ಇದು ನಮ್ಮೂರಿನದ್ದಷ್ಟೇ ಅಲ್ಲ. 2019–21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯಲ್ಲಿ, ಒಂದು ಸಲವಾದರೂ ಇಂಟರ್ನೆಟ್ ಬಳಸಿದ ಗಂಡಸರು ಶೇ 57, ಹೆಂಗಸರು ಶೇ 33. ತಾನೇ ಬಳಸೋ ಮೊಬೈಲ್ ಇರೋ ಹೆಂಗಸರು ಶೇ 54. ಅರಳಿಕಟ್ಟೆಗೆ ವೈಫೈ ಹಾಕಿದರೆ ಸಂಜೆ ಅಲ್ಲಿ ಕೂರೋರು ಯಾರು ಅಂತ ನೀವೇ ಯೋಚನೆ ಮಾಡಿ. ನನ್ನ ಮಗಳು ಆರು ಗಂಟೆ ಮೇಲೆ ಅರಳಿಕಟ್ಟೆಗೆ ಹೋಗಿ ಕೂರೋಕ್ಕೆ ನಮ್ಮೂರಲ್ಲಿ ಆಗಲ್ಲ. ಅದೇ ವೈಫೈ ಅಂಗನವಾಡಿ ಹತ್ತಿರ ಇದ್ದರೆ ಹೋಗ್ತಾಳೆ.

ಇನ್ನೊಂದು, ಓದು ಬಾರದವರಿಗೆ ಅಕ್ಷರಕ್ಕಿಂತ ಮಾತು ಹತ್ತಿರ. ಹಿಂದೆ ನಮ್ಮ ಮೈಸೂರು ಜಿಲ್ಲೆಯಲ್ಲಿ ಮಹಿಳಾ ಸಮಖ್ಯಾ ಸಂಘಗಳಿಗಾಗಿ ‘ಕೇಳು ಸಖಿ’ ಅಂತ ರೇಡಿಯೋ ಕಾರ್ಯಕ್ರಮ ಬರುತ್ತಿತ್ತು. ನಮ್ಮಂಥ ಹೆಂಗಸರ ಮಾತೇ ಅದರಲ್ಲಿ. ಸರಗೂರಿನಲ್ಲಿ ‘ಜನಧ್ವನಿ’ ಸಮುದಾಯ ರೇಡಿಯೋ ಇದೆ. ಬಟನ್ ಫೋನಿನಲ್ಲೂ ಎಫ್‌ಎಂ ಬರುತ್ತೆ, ಅಡುಗೆ ಮಾಡ್ತಾ ಕೇಳಬಹುದು. ಕಿಸಾನ್ ಕಾಲ್ ಸೆಂಟರ್ 2004ರಿಂದ ಇದೆ, 1800-180-1551ಕ್ಕೆ ಮಾಡಿದರೆ ದುಡ್ಡಿಲ್ಲ, ಕನ್ನಡದಲ್ಲೇ ಮಾತಾಡ್ತಾರೆ. ನಾನು ಟೊಮೆಟೊ ಎಲೆ ಮುದುಡಿದಾಗ ಎರಡು ಸಲ ಕೇಳಿದ್ದೀನಿ. 2017ರಿಂದ ಗೂಗಲ್‌ಗೆ ಕನ್ನಡದಲ್ಲಿ ಮಾತಾಡಿದರೆ ತಾನೇ ಬರಕೊಳ್ಳುತ್ತೆ. ಇದನ್ನೊಂದು ತೋರಿಸಿಕೊಟ್ಟಿದ್ದಕ್ಕೆ ನಮ್ಮ ಸಂಘದ ಒಬ್ಬರು, ಐವತ್ತೆಂಟು ವರ್ಷದವರು, ಈಗ ದಿನಾ ಸೊಸೆಗೆ ವಾಟ್ಸಾಪ್ ಕಳಿಸ್ತಾರೆ.

ಒಳ್ಳೆ ಸಾಮಾನು ಅಂದರೆ ಹೇಗಿರಬೇಕು ಅಂತ ನೋಡಬೇಕಾದರೆ ಬೆಳಿಗ್ಗೆ ಆರೂವರೆಗೆ ಹಾಲಿನ ಡೈರಿಗೆ ಹೋಗಿ. ಕ್ಯಾನು ಸುರಿದ ತಕ್ಷಣ ತಲೆ ಎತ್ತರದಲ್ಲಿರೋ ಪೆಟ್ಟಿಗೆ ಮೇಲೆ ಕೆಂಪು ಅಂಕಿ ಬರುತ್ತೆ: ಎಷ್ಟು ಲೀಟರು, ಫ್ಯಾಟ್ ಎಷ್ಟು, ರೇಟ್ ಎಷ್ಟು. ಅ ಆ ಇ ಈ ಬಾರದವರೂ ಆ ಅಂಕಿ ಓದ್ತಾರೆ. ನಮ್ಮ ಪಕ್ಕದ ಮನೆಯವರು ನಿನ್ನೆ ನಾಲ್ಕು ಇತ್ತು, ಇವತ್ತು ಯಾಕೆ ಮೂರೂವರೆ ಅಂತ ಕಾರ್ಯದರ್ಶಿಯನ್ನು ನಿಲ್ಲಿಸಿ ಕೇಳ್ತಾರೆ. ಮೊದಲು ಹಾಗೆ ಕೇಳೋ ಧೈರ್ಯ ಯಾರಿಗೂ ಇರಲಿಲ್ಲ, ಪುಸ್ತಕದಲ್ಲಿ ಏನು ಬರೆದರೋ ಅದೇ.

ಮೈಸೂರು ಹಾಸ್ಟೆಲ್ ಹುಡುಗಿ

ಎಲ್ಲರೂ ಸಾಮಾನು ಬೇಡ ಅನ್ನೋ ಹಾಗೆ ಬರೀತಿದ್ದೀರಿ, ಅದಕ್ಕೇ ಬರೆಯುತ್ತಿದ್ದೇನೆ. ನಾನು ನಾಗಮಂಗಲ ಕಡೆಯವಳು. 2020ರಲ್ಲಿ ಶಾಲೆ ಮುಚ್ಚಿದಾಗ ಹತ್ತನೇ ಕ್ಲಾಸು. ಚಂದನದಲ್ಲಿ ಸಂವೇದ ಪಾಠ ಬರುತ್ತಿತ್ತು, ನಮ್ಮನೆ ಟಿವಿ ಕೆಟ್ಟಿತ್ತು. ಅಪ್ಪನ ಫೋನ್ ರಾತ್ರಿ ಎಂಟಕ್ಕೆ ಸಿಗುತ್ತಿತ್ತು, ಅದೂ ಅಣ್ಣ ಬಿಟ್ಟಮೇಲೆ. ಊರಿನ ಗ್ರಂಥಾಲಯದಲ್ಲಿ ಒಂದು ಹಳೇ ಕಂಪ್ಯೂಟರ್ ಇತ್ತು. ಅಲ್ಲಿದ್ದ ಮೇಲ್ವಿಚಾರಕರು ನನಗೆ ದಿನಾ ಒಂದು ಗಂಟೆ ಬಿಟ್ಟುಕೊಟ್ಟರು, ಯಾರಾದರೂ ಜಗಳ ಮಾಡಿದರೂ ಏಳಿಸುತ್ತಿರಲಿಲ್ಲ. ಈಗ ಬಿಎಸ್ಸಿ ಮಾಡ್ತಿದ್ದೀನಿ. ಆ ಕಂಪ್ಯೂಟರ್ ಇಲ್ಲದಿದ್ದರೆ ನಾನು ಇಲ್ಲಿರುತ್ತಿರಲಿಲ್ಲ.

ಹಾಗಾಗಿ ಅಣ್ಣ, ಲ್ಯಾಪ್‌ಟಾಪ್ ಖಂಡಿತ ತಗೊಳ್ಳಿ. ಹುಡುಗಿಯರಿಗೆ ಅಂತಲೇ ಒಂದು ಹೊತ್ತು ಬರೆದು ಗೋಡೆಗೆ ಅಂಟಿಸಿ.

ಪಾಂಡವಪುರ ನಿವೃತ್ತ

ಕಂದಾಯ ಇಲಾಖೆಯಲ್ಲಿದ್ದು ನಿವೃತ್ತನಾದವನು. ಡೈರಿ ಪೆಟ್ಟಿಗೆ ವಿಷಯ ಓದಿದಾಗ ನನಗೆ ಭೂಮಿ ಯೋಜನೆ ನೆನಪಾಯಿತು.

2000ದ ಆಸುಪಾಸಿನವರೆಗೆ ಪಹಣಿ ಅಂದರೆ ಗ್ರಾಮ ಲೆಕ್ಕಿಗರ ಕೈಬರಹ. ರಾಜ್ಯದಲ್ಲಿ ಸುಮಾರು 9 ಸಾವಿರ ಲೆಕ್ಕಿಗರು, ಪುಸ್ತಕ ಅವರ ಹತ್ತಿರ. ಅವರು ಸಿಕ್ಕಿದಾಗ ಪಹಣಿ, ಮನಸ್ಸು ಬಂದಾಗ ಪಹಣಿ. ಸುಮಾರು 2 ಕೋಟಿ ದಾಖಲೆಯನ್ನು ಕಂಪ್ಯೂಟರಿಗೆ ಹಾಕಿ ತಾಲ್ಲೂಕು ಕಚೇರಿಯಲ್ಲಿ ಕೌಂಟರ್ ಮಾಡಿದರು. ಆಗ 15 ರೂಪಾಯಿ ಕೊಟ್ಟರೆ ಮುದ್ರಿತ ಪ್ರತಿ ಕೈಗೆ. ದೇಶವಿದೇಶದವರು ಬಂದು ನೋಡಿದರು. ಆದರೆ ಅವರು ಬರೆದದ್ದರಲ್ಲಿ ನನಗೆ ಮುಖ್ಯ ಅನ್ನಿಸಿದ್ದು ಒಂದು ಚಿಕ್ಕ ವಿಷಯ. ಆ ಕೌಂಟರುಗಳಲ್ಲಿ ಎರಡು ಪರದೆ ಇಟ್ಟಿದ್ದರು. ಒಂದು ಒಳಗೆ ಕೂತವರಿಗೆ, ಇನ್ನೊಂದು ಹೊರಗೆ ನಿಂತ ರೈತರಿಗೆ. ಆಪರೇಟರ್ ಏನು ಒತ್ತುತ್ತಾನೆ, ತನ್ನ ಸರ್ವೆ ನಂಬರಿನ ಮುಂದೆ ಯಾರ ಹೆಸರಿದೆ ಅಂತ ರೈತ ನಿಂತಲ್ಲೇ ನೋಡಬಹುದಿತ್ತು. ಹೆಸರು ತಪ್ಪಿದ್ದರೆ ಅಲ್ಲೇ ಕೂಗುತ್ತಿದ್ದ.

ಅದರ ಕುಂದೂ ಹೇಳಬೇಕು. ಹಳೇ ಪುಸ್ತಕದಲ್ಲಿದ್ದ ತಪ್ಪೂ ಹಾಗೇ ಕಂಪ್ಯೂಟರಿಗೆ ಏರಿತು, ತಿದ್ದಿಸೋಕ್ಕೆ ಜನ ಅಲೆದರು. ಮೊದಲು ಊರಲ್ಲೇ ಸಿಗುತ್ತಿದ್ದದ್ದಕ್ಕೆ ತಾಲ್ಲೂಕಿಗೆ ಬಸ್ ಹಿಡಿಯಬೇಕಾಯಿತು. ಲಾಭ ಯಾರಿಗೆ, ಹೊಸ ತೊಂದರೆ ಯಾರಿಗೆ ಅಂತ ಎರಡೂ ಕಡೆ ಲೆಕ್ಕ ಬರೆಯಿರಿ.

ಫೋನಿನಿಂದ ದುಡ್ಡು ಕಳಿಸೋ ಕೀನ್ಯಾದ ಎಂ-ಪೆಸಾದಿಂದ ಇನ್ನೊಂದು ಪಾಠ. 2007ರಲ್ಲಿ ಶುರುವಾದಾಗ ಬಟನ್ ಫೋನಿನಲ್ಲೇ ನಡೆಯಿತು. ಬೀದಿ ಅಂಗಡಿಯವನು ಏಜೆಂಟ್ ಆದ, ದುಡ್ಡು ಕೊಟ್ಟು ದುಡ್ಡು ತಗೊಳ್ಳುವ ಒಬ್ಬ ಮನುಷ್ಯ ಪಕ್ಕದಲ್ಲೇ ಇದ್ದ. ನಿಮ್ಮ 2 ಲಕ್ಷದ 40 ಸಾವಿರದಲ್ಲಿ ಮನುಷ್ಯನಿಗೆ ಎಷ್ಟು ಇಟ್ಟಿದ್ದೀರಿ? ಕೊಟೇಶನ್‌ನಲ್ಲಿ ಆ ಸಾಲೇ ಇಲ್ಲವಲ್ಲ.

ಕಬ್ಬಿನಗದ್ದೆ (ಮಳವಳ್ಳಿ ತಾಲ್ಲೂಕು)

ಎಲ್ಲರಿಗೂ ಮನಸಾರೆ ಧನ್ಯವಾದ. ಹನ್ನೆರಡು ದಿನ ಆಯಿತು ನಾನು ಬರೆದು. ಮೇಷ್ಟ್ರು ಹೇಳಿದ ಹಾಗೆ ಆರು ದಿನ ಗ್ರಂಥಾಲಯದಲ್ಲಿ ನೋಟ್‌ಬುಕ್ ಹಿಡಿದು ಕೂತೆ.

ಒಟ್ಟು 71 ಜನ ಬಂದರು. ಬಂದ ಮೆಸೇಜ್ ಓದಿ ಹೇಳಿ ಅಂತ 19 ಜನ. ಪಹಣಿ, ಎಫ್‌ಐಡಿ (ರೈತರ ಗುರುತಿನ ನಂಬರ್), ಬೆಳೆ ಸಮೀಕ್ಷೆ ಅಂತ 14. ಓಟಿಪಿ ಬೇರೆಯವರ ಫೋನಿಗೆ ಹೋಗಿ ಕೆಲಸ ನಿಂತವರು 9, ಅದರಲ್ಲಿ 8 ಜನ ಹೆಂಗಸರು. ಅಕ್ಕ, ನೀವು ಹೇಳಿದ್ದು ನನಗೆ ಅಲ್ಲಿಯವರೆಗೆ ಹೊಳೆದೇ ಇರಲಿಲ್ಲ. ಉಳಿದವರಲ್ಲಿ ಮಕ್ಕಳೇ ಹೆಚ್ಚು, ಒಂದೇ ಕಂಪ್ಯೂಟರಿಗೆ ಸಾಲು ನಿಂತಿದ್ದರು. ಆರು ದಿನದಲ್ಲಿ ಯೋಜನೆಗಳ ಮಾಹಿತಿ ಬೇಕು ಅಂತ ಸುಮ್ನೆ ನೋಡಲು ಬಂದವರು ಒಬ್ಬರೂ ಇಲ್ಲ. ಎಲ್ಲರಿಗೂ ಬೇಕಿದ್ದದ್ದು ಅವರವರ ಅರ್ಜಿ ಎಲ್ಲಿ ನಿಂತಿದೆ ಅನ್ನೋದು. ಹಾಗಾಗಿ ಟಚ್‌ಸ್ಕ್ರೀನ್ ಮಷೀನಿನವರಿಗೆ ಬೇಡ ಅಂತ ಫೋನ್ ಮಾಡಿ ಹೇಳಿದೆ.

ಬೆಂಗಳೂರಿನ ಹುಡುಗರ ಜೊತೆ ಮಾತಾಡಿ ಹೀಗೆ ತೀರ್ಮಾನ ಮಾಡಿದ್ದೀವಿ. ಅರ್ಧ ದುಡ್ಡು ಊರಲ್ಲೇ ಇರೋ ಪಿಯುಸಿ ಮುಗಿಸಿದ ಒಬ್ಬ ಹುಡುಗಿಗೆ, ತಿಂಗಳಿಗೆ ಐದು ಸಾವಿರದ ಹಾಗೆ ಎರಡು ವರ್ಷ, ದಿನಾ ಸಂಜೆ ಮೂರು ಗಂಟೆಗಳ ಕಾಲ ಗ್ರಂಥಾಲಯದಲ್ಲಿ ಕೂತು ಕೆಲಸ ಮಾಡಿಕೊಡೋದಕ್ಕೆ. ಮೊದಲ ತಿಂಗಳು ಅವಳ ಕೆಲಸ ಮನೆ ಮನೆಗೆ ಹೋಗಿ ಹೆಂಗಸರ ಆಧಾರಿಗೆ ಯಾವ ನಂಬರ್ ಜೋಡಿಸಿದೆ ಅಂತ ಪಟ್ಟಿ ಮಾಡೋದು. ನಾಲ್ಕು ಹಳೇ ಲ್ಯಾಪ್‌ಟಾಪ್, ರಿಪೇರಿ ಅಣ್ಣ ಹೇಳಿದ ಚಿಕ್ಕ ಬೋರ್ಡು, ಒಂದು ಒಳ್ಳೆ ಯುಪಿಎಸ್. ವೈಫೈ ಗ್ರಂಥಾಲಯಕ್ಕೆ, ಅರಳಿಕಟ್ಟೆಗೆ ಅಲ್ಲ. ತಂಗಿ, ನಾಲ್ಕರಿಂದ ಐದೂವರೆ ಹುಡುಗಿಯರ ಹೊತ್ತು ಅಂತ ದಪ್ಪ ಅಕ್ಷರದಲ್ಲಿ ಬರೆದು ಅಂಟಿಸಿ ಬಂದಿದ್ದೀನಿ. ಬ್ಯಾಟ್ರಿಗೆ, ನೆಟ್ ಬಿಲ್ಲಿಗೆ 40 ಸಾವಿರ ಎತ್ತಿಟ್ಟಿದ್ದೀವಿ.

ನಿನ್ನೆ ಸಂಜೆ ಗ್ರಂಥಾಲಯದ ಈಗಿರೋ ಕಂಪ್ಯೂಟರಿಗೆ ನಮ್ಮನೆಯ ಹಳೇ ಮಾನಿಟರ್ ಸಿಕ್ಕಿಸಿ ಜನರ ಕಡೆ ತಿರುಗಿಸಿಟ್ಟೆ. ಮೇಲಿನ ಬೀದಿ ಅಜ್ಜಿ ಬಂದಿದ್ದರು. ಅವರ ಅರ್ಜಿ ನಂಬರ್ ಹಾಕುವಾಗ ಕಣ್ಣು ಕಿರಿದು ಮಾಡಿ ನೋಡುತ್ತಿದ್ದವರು, ‘ಏ, ಅದು ಏಳಲ್ಲ, ಒಂದು’ ಅಂದರು. ಕಾಗದ ತಿರುಗಿಸಿ ನೋಡಿದೆ, ಒಂದೇ ಇತ್ತು.

ಆ ಮಾನಿಟರ್ ತುಂಬಾ ಚಿಕ್ಕದು, ವಯಸ್ಸಾದವರಿಗೆ ಕಾಣಿಸಲ್ಲ. ರಿಪೇರಿ ಅಣ್ಣ, 22 ಇಂಚಿನ ಹಳೇ ಮಾನಿಟರ್ ಮೈಸೂರಿನಲ್ಲಿ ಎಷ್ಟಕ್ಕೆ ಸಿಗುತ್ತೆ? ಭಾನುವಾರ ಅಂಗಡಿ ತೆಗೆದಿರುತ್ತೀರಾ? ಬೆಳಿಗ್ಗೆ ಮೊದಲ ಬಸ್ಸಿಗೆ ಬರ್ತೀನಿ.